ಒತಿಯಾ, ಗುರುವಾರಕ್ಕೆ

ಕೂತುಕೋ ಒತಿಯಾ, ಹಿಟ್ಟಿನ ಮೂಟೆ ಮೇಲೇ ಕೂತುಕೋ.
ಈ ಘಾಣ ಇಳಿಯುವುದರೊಳಗೆ ಹೇಳಿಬಿಡುತ್ತೇನೆ.
ಗುರುವಾರ ತಾನೆ ನಿನ್ನದು?

ಹಿಂದಿನ ರಾತ್ರಿ ಎಂಟಕ್ಕೆ ಊಟ ಮುಗಿಸು, ತಿಳಿ ಸಾರು ಸಾಕು.
ಆಮೇಲೆ ಏನೂ ಇಲ್ಲ. ಬೆಳಿಗ್ಗೆ ನೀರೂ ಇಲ್ಲ.
ನಾನು ನಾಲ್ಕಕ್ಕೆ ಎದ್ದು ಒಲೆ ಹಚ್ಚಿ
ಇನ್ನೂರು ರೊಟ್ಟಿ ಇಳಿಸಿ
ಒಂದು ಚೂರೂ ಬಾಯಿಗೆ ಹಾಕದೆ ಆಸ್ಪತ್ರೆಗೆ ನಡೆದೆ.
ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು
ರೊಟ್ಟಿಯ ಘಮ ಪರವೂರಿನವನಿಗೆ ತಾಗುವ ಹಾಗೆ ನನಗೆ ತಾಗಿದ್ದು.

ಬಿಳಿ ಸೇತುವೆ ಮೇಲೆ ಹೋಗುವಾಗ ಕೆಳಗೆ ನೋಡಬೇಡ.
ಬಾಯಿ ಒಣಗಿದವನಿಗೆ
ರಿಯೋನಿ ಹೊಳೆಯ ಅಷ್ಟು ನೀರು ಒಳ್ಳೆಯದಲ್ಲ.

ಎಷ್ಟು ದಿನದಿಂದ ಎಂದು ಕೇಳುತ್ತಾರೆ. ನಿಜ ಹೇಳು.
ನಾನು ‘ಎರಡು ತಿಂಗಳು’ ಅಂದೆ.
ನರ್ಸು ನಾಝಿಬ್ರೋಲಾ ಏನೂ ಬರೆಯದೆ ಕಾದಳು.
ಎರಡು ವರ್ಷ, ಅಂದೆ.
ಉಂಡರೂ ಉರಿ, ಉಣ್ಣದಿದ್ದರೂ ಉರಿ.
ಮಲಗಿದರೆ ಎದೆಗೂಡಿಗೆ ಹುಳಿ ಏರುತ್ತೆ.
ರಕ್ತ? ಇಲ್ಲ.
ತೂಕ? ಬೆಲ್ಟು ತೋರಿಸಿದೆ. ಹೊಸ ತೂತು ಎರಡು,
ಮೊಳೆ ಕಾಯಿಸಿ ನಾನೇ ಕೊರೆದದ್ದು.

ಗಂಟಲಿಗೆ ಏನೋ ಸಿಂಪಡಿಸುತ್ತಾರೆ,
ಹಸಿ ಅಕ್ರೋಟಿನ ಸಿಪ್ಪೆ ಅಗಿದಂಥ ಕಹಿ.
ನಾಲಿಗೆ ಯಾರದೋ ಅನಿಸುತ್ತೆ; ಹೆದರಬೇಡ.
ಉಗುಳು ನುಂಗಬೇಡ, ಸೋರಲಿ ಬಿಡು.
ಅದಕ್ಕೇ ಕೆನ್ನೆ ಕೆಳಗೆ ಕಾಗದ ಹಾಸಿರುತ್ತಾರೆ.
ಅರವತ್ತು ದಾಟಿದ ಗಂಡಸು ಕೂಸಿನಂತೆ ಜೊಲ್ಲು ಸುರಿಸುವುದನ್ನು
ಅವರು ದಿನಕ್ಕೆ ಹತ್ತು ಸಲ ನೋಡುತ್ತಾರೆ.

ನಿದ್ದೆಮದ್ದು ಬೇಕೋ ಎಂದು ಕೇಳುತ್ತಾರೆ.
ತಗೊಂಡರೆ ಮನೆಗೆ ಕರೆದೊಯ್ಯಲು ಒಬ್ಬರು ಬೇಕು,
ಆ ದಿನ ಗಾಡಿ ಮುಟ್ಟುವ ಹಾಗಿಲ್ಲ.
ಯಾರಿದ್ದಾರೆ ಎಂದರು.
ಸಿಯಾಲ ಹೋಗಿ ಏಳು ಚಳಿಗಾಲ.
ತಮ್ಮನ ಹತ್ತಿರ ಮಾತಿಲ್ಲ, ಗೊತ್ತಲ್ಲ ನಿನಗೆ.
ಮದ್ದು ಬೇಡ ಅಂದೆ.
ನೀನು ಬೇಕು ಅನ್ನು. ನಾನು ಬರುತ್ತೇನೆ.

ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಹಲ್ಲುಗಳ ನಡುವೆ ಒಂದು ಬಳೆ, ಕಚ್ಚದಿರಲಿ ಎಂದು.
ಕಪ್ಪು ನಳಿಗೆ, ನನ್ನ ಕಿರುಬೆರಳಿನಷ್ಟು ದಪ್ಪ, ತುದಿಗೊಂದು ದೀಪ.
‘ನುಂಗು’ ಎನ್ನುತ್ತಾರೆ. ಅದೊಂದೇ ಕಷ್ಟದ ಗಳಿಗೆ.
ಓಕರಿಕೆ ಬರುತ್ತೆ, ಕಣ್ಣು ತುಂಬುತ್ತೆ,
ಉಸಿರು ಕಟ್ಟಿತು ಅಂದುಕೊಳ್ಳುತ್ತೀ. ಕಟ್ಟುವುದಿಲ್ಲ.
ಉಸಿರಿನ ದಾರಿ ಬೇರೆ, ಅನ್ನದ ದಾರಿ ಬೇರೆ.
‘ಮೂಗಲ್ಲಿ ಎಳೆ ಮುರ್ಮಾನ್, ಮೆಲ್ಲಗೆ ಬಿಡು’
ಎನ್ನುತ್ತ ಹೆಗಲು ತಟ್ಟುತ್ತಿದ್ದಳು. ಆ ತಟ್ಟುವಿಕೆಯನ್ನೇ ಎಣಿಸು.
ಆಮೇಲೆ ಗಾಳಿ ತುಂಬುತ್ತಾರೆ. ತೇಗು. ನಾಚಿಕೆ ಬೇಡ.

ದಿನಕ್ಕೆ ನೂರು ಸಲ
ನಾನು ಈ ತೋನೆಯ ಬಾಯೊಳಗೆ ಸೊಂಟದವರೆಗೆ ಬಾಗುತ್ತೇನೆ,
ಒಳಗೋಡೆಗೆ ಹಿಟ್ಟು ಬಡಿದು
ಹುಬ್ಬು ಸೀಯುವ ಮೊದಲೇ ಮೇಲೆ ಬರುತ್ತೇನೆ.
ಅವತ್ತು ಎತೆರಿ ಡಾಕ್ಟರು ನನ್ನೊಳಗೆ ಬಾಗಿದರು.
ವಾರೆಗಣ್ಣಲ್ಲಿ ಪರದೆ ನೋಡಿದೆ:
ತೊಯ್ದ ಗುಲಾಬಿ ಗೋಡೆ, ಮಡಿಕೆ ಮಡಿಕೆ,
ಒಂದು ಕಡೆ ಮಾತ್ರ ಕೆಂಡದ ಬಣ್ಣ.
ಹೊಟ್ಟೆಗೆ ಹಾಕಿಕೋ, ಹೊಟ್ಟೆಗೆ ಹಾಕಿಕೋ ಎಂದು
ಜನ ಹೇಳಿದ್ದನ್ನೆಲ್ಲ ಹಾಕಿಕೊಂಡಿದ್ದೆನಲ್ಲ,
ಒಂದೂ ಕಾಣಲಿಲ್ಲ.
ತಮ್ಮ ಆಡಿದ ಮಾತಿಲ್ಲ, ಸಾಲವಿಲ್ಲ.
ಖಾಲಿ. ಸ್ವಲ್ಪ ನೊರೆ.

ಚಿಮಟದಲ್ಲಿ ಮೂರು ಚೂರು ಕಿತ್ತರು.
ನೋಯಲಿಲ್ಲ, ಆಣೆ.
ದೂರದ ಕೋಣೆಯಲ್ಲಿ ಯಾರೋ ಪರದೆ ಸರಿಸಿದ ಹಾಗೆ, ಅಷ್ಟೇ.
ಎಲ್ಲ ಸೇರಿ ಏಳು ನಿಮಿಷವಂತೆ.
ನನಗೆ ಎರಡು ಘಾಣ ಇಳಿಸಿದಷ್ಟು ಹೊತ್ತು.

ಎದ್ದ ಮೇಲೆ ಒಂದು ಗಂಟೆ ಏನೂ ಕುಡಿಯಬೇಡ,
ಮರಗಟ್ಟಿದ ಗಂಟಲಲ್ಲಿ ನೀರು ದಾರಿ ತಪ್ಪುತ್ತೆ.
ಮೊದಲು ಒಂದೇ ಗುಟುಕು.
ಎರಡು ದಿನ ಗಂಟಲು ಕೆರೆಯುತ್ತೆ, ಅದು ಸರಿ.
ಹೊಟ್ಟೆ ಕಲ್ಲಾದರೆ, ಕಪ್ಪಗೆ ಹೋದರೆ,
ಬೆಳಗಾಗಲಿ ಎಂದು ಕಾಯಬಾರದಂತೆ.

ನನ್ನ ಚೂರುಗಳ ವರದಿ ಸೋಮವಾರ.
ಇಲ್ಲ, ಯೋಚನೆ ಮಾಡುತ್ತಿಲ್ಲ.
ಸುಳ್ಳು. ಮೂರಕ್ಕೇ ಎಚ್ಚರವಾಗುತ್ತೆ.
ಹಿಟ್ಟು ಬೇಗ ಕಲಸಿಡುತ್ತೇನೆ.

ತಗೋ, ಇದು ನಿನಗೆ. ಬಿಸಿಯಿದೆ, ಕಾಗದ ಸುತ್ತಿ ಹಿಡಿ.
ಆಂ, ಮರೆತಿದ್ದೆ, ಹಲ್ಲಿನ ಸೆಟ್ಟು ತೆಗೆಸುತ್ತಾರೆ.
ಅದಕ್ಕೊಂದು ಡಬ್ಬಿ ತಾ.
ನಾನು ಹಿಡಿದುಕೊಂಡಿರುತ್ತೇನೆ.